ನಾಲ್ಕು ಸೆಕೆಂಡು

ಕಾದ ಧೂಳಿನ ವಾಸನೆ. ನನ್ನ ಬಾಲ್ಯದಲ್ಲಿ ರೇಡಿಯೊ ಎಂದರೆ ಮೊದಲು ಅದು ಬರುತ್ತಿತ್ತು, ಧ್ವನಿ ಆಮೇಲೆ. ಅಪ್ಪ ಗುಂಡಿ ತಿರುಗಿಸಿದ ಮೇಲೆ ಒಂದು ನಿಮಿಷ ಏನೂ ಕೇಳುತ್ತಿರಲಿಲ್ಲ. ಒಳಗಿನ ಗಾಜಿನ ವಾಲ್ವುಗಳು ನಿಧಾನವಾಗಿ ಕೆಂಪಗಾಗುತ್ತಿದ್ದವು. ಅವುಗಳ ಮೇಲೆ ಕೂತ ಧೂಳು ಬೆಚ್ಚಗಾಗಿ, ಇಸ್ತ್ರಿಪೆಟ್ಟಿಗೆಯ ಕೆಳಗಿನ ಬಟ್ಟೆಯದೋ ಹುರಿದ ಹಿಟ್ಟಿನದೋ ಎನ್ನುವಂಥ ವಾಸನೆ ಹೊರಗೆ ಬರುತ್ತಿತ್ತು. ನಾನು ಪೆಟ್ಟಿಗೆಯ ಬೆನ್ನಿಗೆ ಮೂಗು ಹಚ್ಚಿ ಕಾಯುತ್ತಿದ್ದೆ. “ಮೂಗು ಸುಟ್ಕೊಂಡ್ರೆ ಅಂಗಡೀಲಿ ಬೇರೆ ಸಿಗಲ್ಲ ಕಣೇ” ಎಂದು ಅಪ್ಪ ಕಿವಿ ಹಿಡಿದು ಎಳೆಯುತ್ತಿದ್ದರು.

ಮಗಳು ತಂದ ಹೊಸ ರೇಡಿಯೊಗೆ ವಾಸನೆಯೇ ಇರಲಿಲ್ಲ. ರಟ್ಟಿನ ಡಬ್ಬದ್ದು ಒಂದಿಷ್ಟು ಇತ್ತು, ಅಷ್ಟೆ.

ಆ ರೇಡಿಯೊ ನಮಗೆ ಬೇಕಾದದ್ದು ಹಾಡಿಗಲ್ಲ, ಸುದ್ದಿಗೂ ಅಲ್ಲ. ಬೆಳಿಗ್ಗೆ ಎಂಟು ಗಂಟೆಗೆ ಬರುವ ಆರು ಸದ್ದುಗಳಿಗೆ: ಐದು ಗಿಡ್ಡ ‘ಪೀಪ್’, ಒಂದು ಉದ್ದದ್ದು.

ನಮ್ಮವರು ಗಡಿಯಾರ ರಿಪೇರಿ ಮಾಡುತ್ತಿದ್ದವರು. ಬೀದಿಯ ತಿರುವಿನಲ್ಲಿ, ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕಾದಂಥ ಅಂಗಡಿಯಲ್ಲಿ ಐವತ್ತೆರಡು ವರ್ಷ ಕಳೆದರು. ಬೀದಿಯವರು ಅವರಿಗೆ ‘ಸೆಕೆಂಡು ಮೇಷ್ಟ್ರು’ ಎಂದು ಹೆಸರಿಟ್ಟಿದ್ದರು. ಮದುವೆಯ ದಿನ ನಾನು ಏಳು ನಿಮಿಷ ತಡ ಮಾಡಿದೆನೆಂದು ಅವರು ಇವತ್ತಿಗೂ ಹೇಳುತ್ತಾರೆ. ಮಗಳು ಹುಟ್ಟಿದ ವರ್ಷ ಯಾವುದೆಂದು ಕೇಳಿದರೆ ಮಾತ್ರ ಈಗ ತಡವರಿಸುತ್ತಾರೆ. ಮೂರು ವರ್ಷದಿಂದ ಹೀಗೆ. ಮೊದಲು ಪಕ್ಕದ ಬೀದಿಯ ಹೆಸರು ಹೋಯಿತು, ಆಮೇಲೆ ತಿಂಗಳು, ಆಮೇಲೆ ಊಟ ಮಾಡಿದೆನೋ ಇಲ್ಲವೋ ಎಂಬುದು.

ಹೋಗದೆ ಉಳಿದದ್ದು ಒಂದೇ. ಹಜಾರದ ಗೋಡೆಯ ಮೇಲೆ ಗಾಜಿನ ಬಾಗಿಲಿನ ದೊಡ್ಡ ಗಡಿಯಾರವಿತ್ತು. ಇವರ ಗುರುಗಳು ಕೊಟ್ಟದ್ದು. ಪ್ರತಿದಿನ ಎಂಟಕ್ಕೆ ಐದು ನಿಮಿಷ ಇರುವಾಗ ಇವರು ಬಂದು ಅದರ ಮರದ ಕವಚದ ಮೇಲೆ ಅಂಗೈ ಇಟ್ಟು ನಿಲ್ಲುವರು. ರೇಡಿಯೊದ ಉದ್ದದ ಪೀಪ್ ಬಂದಾಗ ಸೆಕೆಂಡಿನ ಮುಳ್ಳು ಎಲ್ಲಿದೆ ಎಂದು ನೋಡಿ ನೋಟುಪುಸ್ತಕದಲ್ಲಿ ಬರೆಯುವರು. ಪುಟದ ತುಂಬ ಸೊನ್ನೆಗಳು. ಚಳಿ ಹೆಚ್ಚಾದ ವಾರ ಎಲ್ಲೋ ಒಂದು ಕಡೆ ‘ಒಂದು’. ತಾರೀಖಿನ ಜಾಗದಲ್ಲಿ ಏನು ಬರೆಯಬೇಕೆಂದು ನನ್ನನ್ನು ಕೇಳುತ್ತಿದ್ದರು. ಸೆಕೆಂಡನ್ನು ಯಾರನ್ನೂ ಕೇಳುತ್ತಿರಲಿಲ್ಲ.

“ಆ ಕೆಲಸ ಅವರ ಕೈಯಲ್ಲೇ ಇರಲಿ ಅಮ್ಮ,” ಎಂದಿದ್ದರು ಡಾಕ್ಟರಮ್ಮ. “ನನ್ನ ಮಾತ್ರೆಗಿಂತ ಅದು ಗಟ್ಟಿ. ಅದು ಹೋದ್ರೆ ಮಿಕ್ಕಿದ್ದೂ ಬೇಗ ಹೋಗುತ್ತೆ.” ಹಾಗೆ ಹೇಳುವಾಗ ಅವರು ಕಂಪ್ಯೂಟರಿನ ಕಡೆ ನೋಡದೆ ನನ್ನ ಕಡೆ ನೋಡಿದರು. ಅದನ್ನು ನಾನು ಮರೆತಿಲ್ಲ.

ಹೀಗಿರುವಾಗ ಹಳೆಯ ರೇಡಿಯೊ ಪ್ರಸಾರ ನಿಲ್ಲುತ್ತದೆ, ಇನ್ನು ಮೇಲೆ ಡಿಜಿಟಲ್ ಮಾತ್ರ ಎಂದು ಪ್ರಕಟಣೆ ಬಂತು. ತಿಂಗಳ ಮೊದಲ ದಿನ ನಮ್ಮ ಹಳೆಯ ಪೆಟ್ಟಿಗೆ ಬರೀ ಸುಯ್ ಎಂದಿತು. ಇವರು ಗಡಿಯಾರದ ಮೇಲೆ ಕೈ ಇಟ್ಟುಕೊಂಡು ಎಂಟೂವರೆಯವರೆಗೆ ನಿಂತೇ ಇದ್ದರು.

“ಏನೇ, ಇವತ್ತು ಎಂಟು ಗಂಟೆ ಆಗಲೇ ಇಲ್ವಲ್ಲೇ?” ಎಂದರು.

ಹನ್ನೊಂದು ದಿನ ಹಾಗೆಯೇ ನಿಂತರು. ಮಗಳಿಗೆ ಫೋನ್ ಮಾಡಿದೆ. ಅವಳು ಶಾಲೆಯಲ್ಲಿ ಗಣಿತ ಕಲಿಸುವವಳು, ಊರಿನ ಆ ತುದಿಯಲ್ಲಿ ಮನೆ. ಭಾನುವಾರ ಎರಡು ಬಸ್ಸು ಬದಲಿಸಿ ರೇಡಿಯೊ ತಂದಳು.

ರಟ್ಟಿನ ಡಬ್ಬದೊಳಗೆ ಇಪ್ಪತ್ತನಾಲ್ಕು ಪುಟದ ಸೂಚನೆಯ ಪುಸ್ತಕವಿತ್ತು. ಮೊದಲ ಆರು ಪುಟ ಪೂರ್ತಿ ಎಚ್ಚರಿಕೆ. ನಾನು ಓದಿದ್ದು ಚರಿತ್ರೆ, ಆದರೂ ಕನ್ನಡಕ ಹಾಕಿಕೊಂಡು, ಕೈಯಲ್ಲಿ ಪೆನ್ಸಿಲ್ ಹಿಡಿದು ಕೂತೆ. ನೀರಿನ ಹತ್ತಿರ ಇಡಬೇಡಿ. ಬಟ್ಟೆ ಮುಚ್ಚಬೇಡಿ. ಜೊತೆಗೆ ಕೊಟ್ಟ ಅಡಾಪ್ಟರನ್ನು ಬಿಟ್ಟು ಬೇರೆಯದನ್ನು ಹಾಕಬೇಡಿ. ಗುಡುಗು ಮಿಂಚಿನ ಹೊತ್ತಿನಲ್ಲಿ ಪ್ಲಗ್ ತೆಗೆಯಿರಿ. ನಡೆದಾಡುವ ದಾರಿಗೆ ಅಡ್ಡವಾಗಿ ವೈರು ಎಳೆಯಬೇಡಿ. ಹಿಂದಿನ ಮುಚ್ಚಳ ಬಿಚ್ಚಬೇಡಿ.

“ಅಮ್ಮ, ಇದಕ್ಕೆ ಪರೀಕ್ಷೆ ಇಲ್ಲ,” ಎಂದು ಮಗಳು ನಕ್ಕಳು.

“ನಿಮ್ಮಪ್ಪನ್ನ ಮನೇಲಿ ಇಟ್ಕೊಂಡವರಿಗೆ ದಿನಾ ಪರೀಕ್ಷೇನೇ,” ಎಂದೆ.

ಸುಮ್ಮನೆ ಹೇಳಿದ್ದಲ್ಲ. ಅವರು ಕಂಡದ್ದನ್ನೆಲ್ಲ ಬಿಚ್ಚಿ ನೋಡುವವರು. ಹಳೆಯ ಅಡಾಪ್ಟರುಗಳನ್ನು ಒಂದು ಚೀಲದ ತುಂಬ ಇಟ್ಟಿದ್ದರು, ಒಂದೊಂದೂ ಒಂದೊಂದು ಅಳತೆಯದು. ಮೊದಲಾದರೆ ಯಾವುದು ಯಾವುದಕ್ಕೆ ಎಂದು ಕತ್ತಲಲ್ಲೂ ಹೇಳುತ್ತಿದ್ದರು, ಈಗ ಹಾಗಿರಲಿಲ್ಲ. ಚೀಲವನ್ನು ಮಗಳ ಕೈಗೆ ಕೊಟ್ಟು ಕಳಿಸಿದೆ. ಹೂದಾನಿಯ ಜಾಗ ಬದಲಿಸಿದೆ. ಈ ಮನೆಗೆ ಬಂದ ಎಲ್ಲ ರೇಡಿಯೊಗಳಿಗೂ ನಾನು ಹೊಲಿದು ಹಾಕಿದ ಗವಸು ಇರುತ್ತಿತ್ತು, ಇದಕ್ಕೆ ಹೊಲಿಯಲಿಲ್ಲ. ಮಗಳು ಹೊರಡುವ ಮೊದಲು ಬೇಕಾದ ಗುಂಡಿಯ ಮೇಲೆ ಒಂದು ಕೆಂಪು ಚುಕ್ಕೆ ಅಂಟಿಸಿದಳು, ಅಪ್ಪನ ಬೆರಳಿಗೆ ತಿಳಿಯಲೆಂದು ಅದನ್ನು ಸ್ವಲ್ಪ ಉಬ್ಬಿಸಿ.

ಹಜಾರದ ಸಾಕೆಟ್ ಸಡಿಲವಾಗಿತ್ತು. ಅದನ್ನು ಬದಲಿಸಲು ಎಲೆಕ್ಟ್ರಿಷಿಯನ್‌ಗೆ ಹೇಳಿದೆ. ಐವತ್ತೈದು ದಾಟಿದ ಮನುಷ್ಯ. ಅವನು ಮೆಟ್ಟಿಲು ಹತ್ತಿದರೆ ಸಾಕು ಫ್ಯೂಸು ಹಾರುತ್ತದೆ ಎಂದು ಬೀದಿಯಲ್ಲಿ ಎಲ್ಲರೂ ಅವನನ್ನು ‘ಫ್ಯೂಸಪ್ಪ’ ಎನ್ನುತ್ತಾರೆ. ಅವನೂ ಆ ಹೆಸರಿಗೇ ಓಗೊಡುತ್ತಾನೆ. ಗೋಡೆ ಕೊರೆಯುವ ಮೊದಲು ತನ್ನದೇ ಚೀಲದಿಂದ ಹಳೆಯ ಚಾದರ ತೆಗೆದು ಹಾಸಿದ. ಪುಡಿಯೆಲ್ಲ ಅದರ ಮೇಲೆ ಬಿತ್ತು. ನಾನು ಗುಡಿಸಬೇಕಾದದ್ದು ಏನೂ ಉಳಿಯಲಿಲ್ಲ.

ನಮ್ಮವರು ರೇಡಿಯೊವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. “ಮೊದಲು ಹಿಂದಿನ ಮುಚ್ಚಳ ತೆಗಿ. ಒಳಗೆ ಏನಿದೆ ನೋಡೋಣ.”

“ಮೇಷ್ಟ್ರೇ, ತೆಗೆದ್ರೆ ಗ್ಯಾರಂಟಿ ಹಾರಿಹೋಗುತ್ತೆ.”

“ಗ್ಯಾರಂಟಿಗೇನು ರೆಕ್ಕೆ ಇದೆಯಾ?”

“ನನ್ನ ಫ್ಯೂಸಿಗೆ ಇದ್ದ ಹಾಗೆ ಇದಕ್ಕೂ ಇದೆ,” ಎಂದ ಫ್ಯೂಸಪ್ಪ. ಇಬ್ಬರೂ ನಕ್ಕರು. ನಗುತ್ತಲೇ ಅವನು ರೇಡಿಯೊವನ್ನು ಇವರ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡ.

ವೈರನ್ನು ಗೋಡೆಯ ಅಂಚಿನಲ್ಲಿ ಕ್ಲಿಪ್ಪು ಹೊಡೆದು ತಂದ. ಅರ್ಧಕ್ಕೆ ಕ್ಲಿಪ್ಪು ಮುಗಿದವು. “ಉಳಿದದ್ದು ಇನ್ನೊಂದು ದಿನ ಬಂದು ಹೊಡೀತೀನಿ ಅಮ್ಮ. ಅಲ್ಲಿವರೆಗೆ ಮೇಷ್ಟ್ರ ಕಾಲಿಗೆ ಸಿಗದ ಹಾಗೆ ಟೇಪು ಅಂಟಿಸಿದೀನಿ.” ರೇಡಿಯೊವನ್ನು ಕಿಟಕಿಯ ಪಕ್ಕದ ಕಪಾಟಿನ ಮೇಲಿಟ್ಟು ಏರಿಯಲ್ ಎತ್ತಿದೆವು. ಪುಟ್ಟ ಪರದೆಯ ಮೇಲೆ ‘ಹುಡುಕುತ್ತಿದೆ’ ಎಂದು ಬಂತು. ಆಮೇಲೆ ಒಮ್ಮೆಲೇ, ಗೊರಗೊರ ಸದ್ದಿಲ್ಲದೆ, ಯಾರೋ ಮಾತಾಡಿದರು.

“ಪಕ್ಕದ ಕೋಣೇಲೇ ಕೂತು ಮಾತಾಡ್ತಾನಲ್ಲೋ!” ಎಂದರು ನಮ್ಮವರು, ಮಗುವಿನ ಹಾಗೆ.

ಪುಸ್ತಕದ ಆರೂ ಪುಟಗಳ ಒಂದೊಂದು ಸಾಲಿನ ಪಕ್ಕಕ್ಕೂ ನಾನು ಪೆನ್ಸಿಲಿನಲ್ಲಿ ಗುರುತು ಹಾಕಿದ್ದೆ. ಎಲ್ಲ ಸರಿಯಾಗಿತ್ತು. ಪುಸ್ತಕವನ್ನು ಕಪಾಟಿಗೆ ಸೇರಿಸಿದೆ.

ಮಾರನೆಯ ಬೆಳಿಗ್ಗೆ ಎಂಟಕ್ಕೆ ಇವರು ಗಡಿಯಾರದ ಮೇಲೆ ಕೈ ಇಟ್ಟು ನಿಂತರು. ಐದು ಗಿಡ್ಡ, ಒಂದು ಉದ್ದ. ನಾನು ಅಡಿಗೆಮನೆಯ ಬಾಗಿಲಲ್ಲಿದ್ದೆ. ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಅಲುಗಲಿಲ್ಲ.

“ನಾಲ್ಕು ಸೆಕೆಂಡು ಮುಂದೆ ಇದೆ,” ಎಂದರು.

“ಹನ್ನೊಂದು ದಿನ ನೋಡಿರಲಿಲ್ವಲ್ಲ. ಓಡಿರುತ್ತೆ.”

“ಇದು ಓಡೋ ಗಡಿಯಾರ ಅಲ್ಲ ಕಣೇ.”

ಮುಳ್ಳು ಸರಿಮಾಡಿ ಏಳು ದಿನ ಕೈಕಟ್ಟಿ ಕೂತುಕೊಳ್ಳಬೇಕು ಎಂಬುದು ಅವರ ಗುರುಗಳ ಮಾತು. ಗಡಿಯಾರವನ್ನು ಅವಸರದಲ್ಲಿ ತಿದ್ದಿದರೆ ಅದು ಹಟ ಹಿಡಿಯುತ್ತದಂತೆ. ಕೆಲಸ ಕಲಿಯಲು ಬಂದವರಿಗೆಲ್ಲ ಇವರು ಅದನ್ನೇ ಹೇಳುತ್ತಿದ್ದರು. ಈಗ ಲೋಲಕವನ್ನು ನಾಲ್ಕು ಸೆಕೆಂಡು ಹಿಡಿದು ನಿಲ್ಲಿಸಿ ಬಿಟ್ಟರು. ಅದರ ಕೆಳಗಿನ ತಿರುಪನ್ನೂ ಒಂದಿಷ್ಟು ಸಡಿಲಿಸಿದರು, ನಿಧಾನವಾಗಲೆಂದು. ಒಂದು ಗಂಟೆಯ ಹೊತ್ತಿಗೆ ಸಡಿಲಿಸಿದ್ದನ್ನು ಮರೆತು ಇನ್ನೊಮ್ಮೆ ಸಡಿಲಿಸಿದರು. ಸಂಜೆ ಇನ್ನೊಮ್ಮೆ. ಮರುದಿನ ಗಡಿಯಾರ ಹಿಂದೆ ಬಿದ್ದಿತ್ತು. ಬಿಗಿದರು. ಅದರ ಮರುದಿನ ಮುಂದೆ ಓಡಿತ್ತು. ನೋಟುಪುಸ್ತಕದಲ್ಲಿ ಸೊನ್ನೆಗಳ ಸಾಲು ನಿಂತು, ಮೂರು ಹಿಂದೆ, ಆರು ಹಿಂದೆ, ಒಂಬತ್ತು ಮುಂದೆ ಎಂದು ಅಂಕಿಗಳು ಬಂದವು.

“ನಾಲ್ಕು ಸೆಕೆಂಡು ತಾನೇ, ಹೋಗ್ಲಿ ಬಿಡೀಂದ್ರೆ,” ಎಂದೆ ನಾನು.

“ನಾಲ್ಕು ಸೆಕೆಂಡು ತಾನೇ ಅಂತ ನೀನು ಹೇಳಬಹುದು,” ಎಂದರು. “ನಾನು ಹೇಳೋ ಹಾಗಿಲ್ಲ.”

ಆ ಸಂಜೆ ಅಡಿಗೆಮನೆಯಿಂದ ಮಗಳಿಗೆ ಫೋನ್ ಮಾಡಿದೆ. “ನಿಮ್ಮಪ್ಪನಿಗೆ ಇದೂ ಹೋಯ್ತು ಅನ್ಸುತ್ತೆ ಕಣೇ. ಗಡಿಯಾರಾನೂ ಕೈಗೆ ಸಿಗ್ತಾ ಇಲ್ಲ.” ಅವಳು, “ಡಾಕ್ಟರ್ ಹತ್ರ ಕರ್ಕೊಂಡು ಹೋಗೋಣ ಅಮ್ಮ,” ಎಂದಳು. ಫೋನ್ ಇಟ್ಟು ತಿರುಗಿದರೆ ಇವರು ನೀರಿಗೆಂದು ಬಂದು ಬಾಗಿಲಲ್ಲಿ ನಿಂತಿದ್ದರು. ನೀರು ಕುಡಿದು, ಲೋಟ ತೊಳೆದು ಬೋರಲು ಹಾಕಿ, ಹೋದರು.

ಆರನೆಯ ದಿನ ಗಡಿಯಾರವನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲಿಟ್ಟರು. ಬಿಳಿಯ ಟ್ರೇ ಹಾಕಿಕೊಂಡರು, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡರು. ಒಂದೊಂದೇ ಭಾಗ ಬಿಚ್ಚಿ ಟ್ರೇಯಲ್ಲಿ ವೃತ್ತಾಕಾರವಾಗಿ ಇಡುತ್ತ ಹೋದರು. ಮೊದಲು ಬಿಚ್ಚಿದ್ದು ಹನ್ನೆರಡರ ಜಾಗದಲ್ಲಿ, ಎರಡನೆಯದು ಅದರ ಬಲಕ್ಕೆ, ಹೀಗೆ ಸುತ್ತ. ಅದು ಅವರ ಪದ್ಧತಿ. ಜೋಡಿಸುವಾಗ ಕೊನೆಯದರಿಂದ ಹಿಂದಕ್ಕೆ ಬಂದರಾಯಿತು, ತಲೆಗೆ ಕೆಲಸವಿಲ್ಲ ಎನ್ನುತ್ತಿದ್ದರು.

ಆದರೆ ಜೋಡಿಸಲಿಲ್ಲ. ದೋಷ ಸಿಗದೆ ಜೋಡಿಸಬಾರದು ಎನ್ನುವುದು ಇನ್ನೊಂದು ನಿಯಮ. ಮೂರು ದಿನ ದೋಷ ಹುಡುಕಿದರು. ಒಂದೊಂದು ಚಕ್ರದ ಒಂದೊಂದು ಹಲ್ಲನ್ನೂ ಮಸೂರದಡಿ ನೋಡಿದರು. ಒರೆಸಿದರು, ಊದಿದರು, ಮತ್ತೆ ಅದೇ ಜಾಗದಲ್ಲಿ ಇಟ್ಟರು.

“ಸಿಗ್ತಾ ಇಲ್ಲ,” ಎಂದರು. “ಕಣ್ಣೂ ಹೋಯ್ತು ಅಂತ ಕಾಣುತ್ತೆ.”

ಮೂರನೆಯ ದಿನ ಮಧ್ಯಾಹ್ನ ಅವರು ಮೇಜಿನ ಮೇಲೆ ಹಣೆ ಇಟ್ಟುಕೊಂಡು ಕೂತಿದ್ದನ್ನು ನೋಡಿದೆ. ಎಬ್ಬಿಸಿ ಒಳಗೆ ಕರೆದುಕೊಂಡು ಹೋಗಿ ಮಲಗಿಸಿದೆ. ಬಂದು ಟ್ರೇ ನೋಡಿದೆ. ಸಾಸಿವೆಯಂಥ ತಿರುಪುಗಳು, ಅವರು ಮರೆತು ಬಾಯಿಗೆ ಹಾಕಿಕೊಂಡರೆ? ಸುತ್ತಿಟ್ಟ ಉಕ್ಕಿನ ಸ್ಪ್ರಿಂಗು, ಚಿಮ್ಮಿ ಕಣ್ಣಿಗೆ ಬಡಿದರೆ? ಇವೆಲ್ಲ ನಾನು ನನಗೆ ಹೇಳಿಕೊಂಡ ಕಾರಣಗಳು. ನಿಜ ಏನೆಂದರೆ, ಆ ವೃತ್ತವನ್ನು ಇನ್ನು ಯಾರೂ ಓದಲಾರರು ಎಂದು ನನಗೆ ಅನ್ನಿಸಿತ್ತು. ಕಣ್ಣೆದುರು ಇದ್ದರೆ ತಾನೇ ಸಂಕಟ? ಒಂದು ಬಿಸ್ಕತ್ತಿನ ಡಬ್ಬಿ ತಂದು ಟ್ರೇಯನ್ನು ಅದರೊಳಗೆ ಬಗ್ಗಿಸಿದೆ. ಸುರಿಯುವಾಗ ಚಿಲ್ಲರೆ ಸುರಿದ ಹಾಗೆ ಸದ್ದಾಯಿತು. ಮುಚ್ಚಳ ಒತ್ತಿ ಬಟ್ಟೆಯ ಕಪಾಟಿನಲ್ಲಿ ಇಟ್ಟೆ.

ಎದ್ದು ಬಂದ ಮೇಲೆ ಅವರು ಖಾಲಿ ಮೇಜನ್ನು ನೋಡಿದರು. ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಮಾರನೆಯ ದಿನ ಫ್ಯೂಸಪ್ಪ ಉಳಿದ ಕ್ಲಿಪ್ಪು ಹೊಡೆಯಲು ಬಂದ. ಇವರು ಸ್ನಾನಕ್ಕೆ ಹೋಗಿದ್ದರು. ರೇಡಿಯೊ ತನ್ನಷ್ಟಕ್ಕೆ ಮಾತಾಡುತ್ತಿತ್ತು. ಫ್ಯೂಸಪ್ಪ ನೆಲದ ಮೇಲೆ ಮೊಣಕಾಲೂರಿ ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು ಕೆಲಸ ಮಾಡುತ್ತಿದ್ದಾಗ ಹನ್ನೊಂದು ಗಂಟೆಯ ಪೀಪ್ ಶುರುವಾಯಿತು. ಅವನು ತಲೆ ಎತ್ತಿ ಗೋಡೆ ನೋಡಿದ. ಗೋಡೆಯ ಮೇಲೆ ಗಡಿಯಾರದಷ್ಟು ಅಗಲದ ಬಿಳಿ ಮಚ್ಚೆ ಮಾತ್ರ ಇತ್ತು. ಜೇಬಿನಿಂದ ಫೋನ್ ತೆಗೆದ.

“ಈ ಮನೇಲಿ ಗಂಟೆ ಹೊಡೆದಾಗ ಸೆಕೆಂಡು ನೋಡದೆ ಇರೋಕೆ ಆಗಲ್ಲ ನೋಡಿ, ಮೇಷ್ಟ್ರು ಮಾಡಿದ ಅಭ್ಯಾಸ,” ಎಂದವನು ಹುಬ್ಬು ಗಂಟಿಕ್ಕಿದ. “ಅರೆ. ನಿಮ್ಮ ರೇಡಿಯೊ ತಡ ಅಮ್ಮ.”

“ಏನಂದೆ?”

“ಫೋನಲ್ಲಿ ಹನ್ನೊಂದು ಆಗಿ ನಾಲ್ಕು ಸೆಕೆಂಡು ಆದ ಮೇಲೆ ಇದು ಪೀಪ್ ಅಂತು. ಡಿಜಿಟಲ್ಲು ಅಂದ್ರೆ ಹಾಗೇ ಅಂತೆ. ಹಳೇದು ಬಾಯಿಂದ ಕಿವಿಗೆ. ಇದಕ್ಕೆ ಅಲ್ಲಿ ಮಾತನ್ನ ಪುಡಿ ಮಾಡಿ ಪೊಟ್ಟಣ ಕಟ್ಟಿ ಕಳಿಸ್ತಾರೆ, ಇಲ್ಲಿ ಈ ಪೆಟ್ಟಿಗೆ ಪೊಟ್ಟಣ ಬಿಚ್ಚಿ ಮತ್ತೆ ಮಾತು ಮಾಡುತ್ತೆ. ಬಿಚ್ಚೋದಕ್ಕೆ ಹೊತ್ತು ಬೇಡ್ವಾ?” ಎಂದು ಹೇಳುತ್ತಿದ್ದವನು ನನ್ನ ಮುಖ ನೋಡಿ ಎದ್ದು ನಿಂತ. “ಯಾಕಮ್ಮ? ಕೂತ್ಕೊಳ್ಳಿ.”

ಪುಸ್ತಕ ತೆಗೆದೆ. ಎಚ್ಚರಿಕೆಯ ಆರು ಪುಟಗಳನ್ನು ದಾಟಿ ನಾನು ಓದಿಯೇ ಇರಲಿಲ್ಲ. ಹತ್ತೊಂಬತ್ತನೆಯ ಪುಟದಲ್ಲಿ, ‘ಸಾಮಾನ್ಯ ಪ್ರಶ್ನೆಗಳು’ ಎಂಬಲ್ಲಿ, ಕೆಳಗಿನಿಂದ ಎರಡನೆಯ ಸಾಲು: ಡಿಜಿಟಲ್ ಪ್ರಸಾರ ಕೆಲವು ಸೆಕೆಂಡು ತಡವಾಗಿ ಕೇಳುತ್ತದೆ, ಇದರ ಸಮಯದ ಸದ್ದಿನಿಂದ ಗಡಿಯಾರವನ್ನು ಹೊಂದಿಸಬೇಡಿ.

ಇವರು ಸ್ನಾನ ಮುಗಿಸಿ, ತಲೆ ಒರೆಸಿಕೊಳ್ಳುತ್ತ ಬಂದರು. ಹೇಳಿದೆ. ಗಡಿಯಾರ ಸರಿಯಾಗಿಯೇ ಇತ್ತು, ತಡವಾಗಿದ್ದು ರೇಡಿಯೊ ಎಂದು.

ಅವರು ನನ್ನ ಭುಜ ತಟ್ಟಿದರು. “ಸಮಾಧಾನ ಮಾಡ್ತಿದೀಯ. ಇರಲಿ ಬಿಡು.”

“ಸಮಾಧಾನ ಅಲ್ಲಾಂದ್ರೆ, ನಿಜ.”

“ಇಷ್ಟು ವರ್ಷ ಸುಳ್ಳು ಹೇಳದ ರೇಡಿಯೊ ಈಗ ಯಾಕೆ ಹೇಳುತ್ತೆ?”

“ಮೇಷ್ಟ್ರೇ, ಅಮ್ಮ ಹೇಳೋದು ನಿಜ. ಓದಿ,” ಎಂದು ಫ್ಯೂಸಪ್ಪ ಪುಸ್ತಕವನ್ನು ಕೈಗಿಟ್ಟ. ಅವರು ಮಸೂರ ಸಿಕ್ಕಿಸಿಕೊಂಡು ಆ ಒಂದು ಸಾಲನ್ನು ಓದಿದರು. ಇನ್ನೊಮ್ಮೆ ಓದಿದರು. ಮಸೂರ ತೆಗೆದರು.

“ಹಾಗಾದ್ರೆ ದೋಷ ಇರಲೇ ಇಲ್ಲ?”

“ಇರಲಿಲ್ಲ.”

“ಅದಕ್ಕೇ ಸಿಗಲಿಲ್ಲ!” ಎಂದು ನಕ್ಕರು. ಹೊಟ್ಟೆಯಿಂದ ಬಂದ ನಗು. ಅಂಥ ನಗು ಕೇಳಿ ನನಗೆ ವರ್ಷದ ಮೇಲಾಗಿತ್ತು. “ಲೋ ಫ್ಯೂಸು, ಇಲ್ಲದ ಕಳ್ಳನ್ನ ಮೂರು ದಿನ ಹುಡುಕಿದೀನಲ್ಲೋ ನಾನು!” ತೋಳು ಮಡಿಚಿದರು, ಕುರ್ಚಿ ಎಳೆದು ಕೂತರು. ಮೇಜಿನ ಮೇಲೆ ಅಂಗೈ ಚಾಚಿದರು. “ಎಲ್ಲಿ, ಟ್ರೇ ಕೊಡು. ಊಟದ ಹೊತ್ತಿಗೆ ಓಡಿಸ್ತೀನಿ.”

ನಾನು ಬಟ್ಟೆಯ ಕಪಾಟಿನಿಂದ ಬಿಸ್ಕತ್ತಿನ ಡಬ್ಬಿ ತಂದು ಅವರ ಮುಂದಿಟ್ಟೆ.

ಮುಚ್ಚಳ ತೆಗೆದು ನೋಡಿದರು. ಫ್ಯೂಸಪ್ಪ ತನ್ನ ಸುತ್ತಿಗೆಯನ್ನು ನೋಡುತ್ತ ನಿಂತ.

“ಯಾರು ಮಾಡಿದ್ದು?”

“ನಾನು,” ಎಂದೆ. “ಸ್ಪ್ರಿಂಗು ಚಿಮ್ಮಿದರೆ ಅಂತ...”

“ಬಿಗಿ ಇಳಿಸದೆ ಯಾರಾದರೂ ಬಿಚ್ತಾರೇನೇ?” ಎಂದರು. ಸಿಟ್ಟಿರಲಿಲ್ಲ. ಗೊತ್ತಿಲ್ಲದ ಗಿರಾಕಿಗೆ ಹೇಳುವ ಹಾಗೆ ಹೇಳಿದರು. “ಅದನ್ನ ನಾನು ಮೊದಲೇ ಇಳಿಸಿದ್ದೆ.” ಡಬ್ಬಿಯನ್ನು ತಮ್ಮ ಕಡೆ ಎಳೆದುಕೊಂಡು, “ಪರವಾಗಿಲ್ಲ ಬಿಡು,” ಎಂದರು.

ಬಿಳಿ ಬಟ್ಟೆಯ ಮೇಲೆ ಎಲ್ಲವನ್ನೂ ಹರಡಿಕೊಂಡು ಸಂಜೆಯವರೆಗೆ ಕೂತರು. ಒಂದು ಚಕ್ರ ಎತ್ತುವರು, ಇಡುವರು. ನಾಲ್ಕು ತಿರುಪುಗಳು ನೋಡಲು ಒಂದೇ ಥರ, ಆದರೆ ಒಂದರ ಜಾಗಕ್ಕೆ ಇನ್ನೊಂದು ಆಗುವುದಿಲ್ಲ. ಹಿತ್ತಾಳೆಯ ಎರಡು ಹಲಗೆಗಳ ನಡುವೆ ಮೂರು ಚಕ್ರ ನಿಲ್ಲಿಸುವರು, ನಾಲ್ಕನೆಯದಕ್ಕೆ ಕೈ ಹಾಕುವಷ್ಟರಲ್ಲಿ ಮೊದಲಿನವು ಬೀಳುವವು. ಬಿಚ್ಚುವುದು ಕೈಗೆ ನೆನಪಿತ್ತು. ಜೋಡಿಸುವುದಕ್ಕೆ ಆ ವೃತ್ತ ಬೇಕಿತ್ತು. ಫ್ಯೂಸಪ್ಪ ಬೇರೆ ಮನೆಯ ಕೆಲಸ ಬಿಟ್ಟು, ಬಿದ್ದ ತಿರುಪುಗಳನ್ನು ನೆಲದಿಂದ ಹೆಕ್ಕಿ ಹೆಕ್ಕಿ ಕೊಡುತ್ತ ಅವರ ಪಕ್ಕದಲ್ಲೇ ಕೂತಿದ್ದ.

ಮರುದಿನ ಡಬ್ಬಿ ಹಿಡಿದು ಪೇಟೆಗೆ ಹೋದೆ. ಈಗ ಇಡೀ ಪೇಟೆಗೆ ಗಡಿಯಾರದ ಅಂಗಡಿ ಒಂದೇ. ಅಂಗಡಿಯವನು ನನಗೆ ಸ್ಟೂಲು ಕೊಟ್ಟು, ಡಬ್ಬಿ ತೆಗೆದು ನೋಡಿ, ಕೈ ಹಾಕದೆ ಮುಚ್ಚಿದ.

“ಅಮ್ಮ, ನಾವು ಸೆಲ್ ಹಾಕ್ತೀವಿ, ಪಟ್ಟಿ ಬದಲಾಯಿಸ್ತೀವಿ, ಅಷ್ಟೆ. ಇಂಥದ್ದು ಗೊತ್ತಿದ್ದವರು ತಿರುವಿನಲ್ಲಿ ಒಬ್ಬರು ಮೇಷ್ಟ್ರಿದ್ದರು. ಅವರ ಹತ್ರ ಕೇಳಿ ನೋಡಿ.”

ನಾನು ತಲೆಯಾಡಿಸಿದೆ. ದಾರಿಯಲ್ಲಿ ಮುಚ್ಚಳ ತೆರೆದುಕೊಳ್ಳದಿರಲೆಂದು ಅವನು ಡಬ್ಬಿಗೆ ಎರಡು ರಬ್ಬರ್ ಬ್ಯಾಂಡು ಸುತ್ತಿಕೊಟ್ಟ.

ಇದಾಗಿ ಇಪ್ಪತ್ತು ದಿನ. ಈಗ ದಿನಕ್ಕೆ ಎರಡು ಮೂರು ಸಲ ಅವರು ಆ ಬಿಳಿ ಮಚ್ಚೆಯ ಮುಂದೆ ನಿಲ್ಲುತ್ತಾರೆ.

“ಗಡಿಯಾರ ಯಾಕೆ ಇಳಿಸಿದೀನಿ?”

“ನಾಲ್ಕು ಸೆಕೆಂಡು ಮುಂದೆ ಇದೆ ಅಂತ ಇಳಿಸಿದ್ರಿ.”

“ಮುಂದೆ ಇತ್ತಾ? ನನ್ನ ಕೈಲಿ ಇದ್ದೂ?” ಎನ್ನುವಾಗ ಅವರ ಮುಖ ಕಪ್ಪಿಡುತ್ತದೆ.

ಆಗ ನಾನು ಏನು ಮಾಡಬೇಕು? ಹೇಳದಿದ್ದರೆ ಕೈ ಹೋಯಿತೆಂದು ಕೊರಗುತ್ತಾರೆ. ಹೇಳಿದರೆ, ಹತ್ತೊಂಬತ್ತನೆಯ ಪುಟ ತೋರಿಸಿದರೆ, ಮೊದಲ ಸಲ ಕೇಳಿದವರಂತೆ ಅದೇ ನಗು ನಗುತ್ತಾರೆ, “ಅದಕ್ಕೇ ಸಿಗಲಿಲ್ಲ!” ಎನ್ನುತ್ತಾರೆ, ತೋಳು ಮಡಿಚುತ್ತಾರೆ, ಟ್ರೇ ಕೇಳುತ್ತಾರೆ. ನಾನು ಡಬ್ಬಿ ತರುತ್ತೇನೆ. ಯಾರು ಮಾಡಿದ್ದು ಎನ್ನುತ್ತಾರೆ. ನಾನು ಎನ್ನುತ್ತೇನೆ.

“ಹೇಳ್ಬೇಡಮ್ಮ,” ಎನ್ನುತ್ತಾಳೆ ಮಗಳು ಫೋನಿನಲ್ಲಿ. “ಕಳೆದುಹೋಯ್ತು ಅನ್ನು. ಬೇರೆ ತಂದು ಹಾಕೋಣ.” ಅವಳದ್ದು ತಪ್ಪಲ್ಲ. ಆದರೆ ಒಂದು ಸಂಜೆ ಅವರಿಗೆ ಗಡಿಯಾರದ ಕೆಲಸವೂ ಹೋಯಿತೆಂದು ನಾನೇ ಅವಳಿಗೆ ಹೇಳಿದ್ದೆ, ಅವರು ಬಾಗಿಲಲ್ಲಿ ನಿಂತಿದ್ದರು. ಹೋಗಿರಲಿಲ್ಲ ಎಂಬ ಮಾತನ್ನೂ ಅವರು ನನ್ನ ಬಾಯಿಂದಲೇ ಕೇಳಬೇಡವೆ? ಕೇಳಿದ್ದು ಅವರಲ್ಲಿ ಅರ್ಧ ಗಂಟೆ ನಿಲ್ಲುತ್ತದೆ. ನಿಂತಷ್ಟು ನಿಲ್ಲಲಿ ಎಂದು ಹೇಳುತ್ತೇನೆ.

ಇವತ್ತೂ ಹೇಳಿದೆ. ಇವತ್ತು ನಗು ಬರಲು ತಡವಾಯಿತು, ಬಂದದ್ದೂ ಸಣ್ಣದು. ಬಟ್ಟೆ ಹರಡಿ ಒಂದೇ ಒಂದು ಚಕ್ರವನ್ನು ಬೆರಳ ನಡುವೆ ಹಿಡಿದು ತುಂಬ ಹೊತ್ತು ತಿರುಗಿಸಿದರು. “ಇದು ಏನು?” ಎಂದು ಕೇಳಿದರು. ಎಲ್ಲಿಗೆ ಎಂದಲ್ಲ, ಏನು ಎಂದು.

“ಚಕ್ರ,” ಎಂದೆ.

“ಓ,” ಎಂದು ಅದನ್ನು ಕೆಳಗಿಟ್ಟರು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹಿತ್ತಿಲ ಮೆಟ್ಟಿಲಿಗೆ ಹೋಗಿ ಕೂತೆ. ಬೆಳಿಗ್ಗೆಯಿಂದ ಬಾಯಿಗೆ ಏನೂ ಹಾಕಿರಲಿಲ್ಲ, ಹಾಕಬೇಕೆಂದೂ ಅನ್ನಿಸಿರಲಿಲ್ಲ. ಎದುರಿನ ಗೋಡೆಯ ಮೇಲೆ ಯಾರದೋ ಮನೆಯ ಬೆಕ್ಕು ಬಿಸಿಲಿಗೆ ಬೆನ್ನು ಕೊಟ್ಟು ಮಲಗಿತ್ತು. ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ, ಹೇಳಲು ಮನೆಯಲ್ಲಿ ಗಡಿಯಾರವೂ ಇಲ್ಲ. ಒಳಗೆ ಪಾತ್ರೆಯ ಸದ್ದಾಯಿತು. ಏನು ಬೀಳಿಸುತ್ತಾರೋ ಎಂದು ಏಳಹೊರಟೆ.

ಅಷ್ಟರಲ್ಲಿ ಅವರು ಬಾಗಿಲಲ್ಲಿ ಓರೆಯಾಗಿ ನುಸುಳಿ ಹೊರಗೆ ಬಂದರು. ಎರಡೂ ಕೈಯಲ್ಲಿ ತಟ್ಟೆ ಹಿಡಿದಿದ್ದರು. ಬೆಳಗಿನ ಅನ್ನ, ಪಕ್ಕದಲ್ಲಿ ಒಂದಿಷ್ಟು ಪಲ್ಯ, ಯಾವುದೂ ಬಿಸಿ ಇರಲಿಲ್ಲ. ಒಂದು ಮೆಟ್ಟಿಲು ಇಳಿದರು, ಕಾಲು ಊರಿ ನೋಡಿಕೊಂಡು ಇನ್ನೊಂದು ಇಳಿದರು. ಚಮಚದ ಹಿಡಿ ನನ್ನ ಬಲಗೈಗೆ ಬರುವ ಹಾಗೆ ತಟ್ಟೆಯನ್ನು ತಿರುಗಿಸಿ ನನಗೆ ಕೊಟ್ಟರು.